ಪುಟ್ಟ ಪಿಎಲ್‌ಸಿಯಿಂದ ಸ್ಟೆಪರ್ ಮೋಟರ್ ಓಡಿಸುವುದು: ಖಾರಪುಡಿ ಪಾಕೀಟಿನ ಯಂತ್ರದಲ್ಲಿ, ಲೆಕ್ಕದಿಂದ ಲ್ಯಾಡರ್‌ವರೆಗೆ

"ಅಣ್ಣಾರ, ಪಾಕೀಟು ಒಂದೊಂದು ಸಲ ಗಿಡ್ಡ ಬರಾಕತ್ತಾವ್ರಿ. ಹೆಸರಿನ ಮ್ಯಾಲೇ ಕತ್ತರಿ ಬೀಳತೈತಿ."

ಬ್ಯಾಡಗಿಯಿಂದ ಬಂದ ಫೋನು. ಖಾರಪುಡಿ ತುಂಬುವ ಹಳೆಯ ಪಾಕೀಟು ಯಂತ್ರ. ಫಿಲ್ಮ್ ಎಳೆಯುವ ರೋಲರ್‌ಗೆ ಕ್ಲಚ್-ಬ್ರೇಕ್ ಇತ್ತು, ಅದು ಸವೆದು ಹೋಗಿತ್ತು. ಕ್ಲಚ್ ತೆಗೆದು ಅಲ್ಲಿ ಸ್ಟೆಪರ್ ಮೋಟರ್ ಕೂರಿಸಿದೆವು, ಹಿಂದೆ ಒಂದು ಸಣ್ಣ ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್. ಹುಬ್ಬಳ್ಳಿಯ ಗೋಕುಲ ರೋಡಿನ ನಮ್ಮ ಶೆಡ್ಡಿಗೆ ಇಂಥ ಕೆಲಸ ಆಗಾಗ ಬರುತ್ತದೆ. ಪ್ರತಿ ಸಲವೂ ಹೊಸ ಹುಡುಗರು ಕೇಳುವ ಪ್ರಶ್ನೆ ಪ್ರೋಗ್ರಾಂ ಬಗ್ಗೆಯೇ. ನಿಜ ಹೇಳಬೇಕೆಂದರೆ ಪ್ರೋಗ್ರಾಂ ಅರ್ಧ ಗಂಟೆಯ ಕೆಲಸ. ಕೈ ಕೊಡುವುದು ಬೇರೆ ಜಾಗದಲ್ಲಿ.

ಮೊದಲು ಒಂದು ಮಾತು ತಲೆಯಲ್ಲಿ ಕೂರಲಿ: ಸ್ಟೆಪರ್ ಮೋಟರ್ ಕುರುಡು. ಅದು ಒಂದು ಪಲ್ಸ್‌ಗೆ, ಅಂದರೆ ಒಂದು ವಿದ್ಯುತ್ ಮಿಡಿತಕ್ಕೆ, ಒಂದು ಹೆಜ್ಜೆ ತಿರುಗುತ್ತದೆ. ಪಿಎಲ್‌ಸಿ 1000 ಪಲ್ಸ್ ಕಳಿಸಿದರೆ, ತಾನು 1000 ಕಳಿಸಿದೆ ಎಂದಷ್ಟೇ ಅದಕ್ಕೆ ಗೊತ್ತು. ಮೋಟರ್ 1000 ಹೆಜ್ಜೆ ಇಟ್ಟಿತೋ, 940ಕ್ಕೆ ಮುಗ್ಗರಿಸಿತೋ, ಯಾರೂ ವಾಪಸ್ ಹೇಳುವುದಿಲ್ಲ. ಪರದೆಯ ಮೇಲೆ 1000 ಎಂದೇ ಇರುತ್ತದೆ. ಹಾಗಾಗಿ ಮೋಟರ್ ಹೆಜ್ಜೆ ತಪ್ಪದ ಹಾಗೆ ನೋಡಿಕೊಳ್ಳುವುದೇ ಇಲ್ಲಿನ ಅಸಲು ಕೆಲಸ.

ಸಾಮಾನು

ಪಿಎಲ್‌ಸಿ ಯಾವುದಾದರೂ ಸರಿ, ಔಟ್‌ಪುಟ್ ಮಾತ್ರ ಟ್ರಾನ್ಸಿಸ್ಟರ್ ಆಗಿರಬೇಕು. ರಿಲೇ ಔಟ್‌ಪುಟ್ ಇರುವುದನ್ನು ತರಬೇಡಿ. ನನ್ನ ಮೊದಲ ಕೆಲಸದಲ್ಲಿ ನಾನೇ ತಂದಿದ್ದೆ. ಕಪಾಟಿನಲ್ಲಿ ಇನ್ನೂ ಇದೆ. ರಿಲೇ ಅಷ್ಟು ವೇಗವಾಗಿ ಬಡಿಯುವುದೇ ಇಲ್ಲ. ಬಡಿದರೂ ಲೆಕ್ಕ ನೋಡಿ: ಸೆಕೆಂಡಿಗೆ 2000 ಪಲ್ಸ್ ಎಂದರೆ 50 ಸೆಕೆಂಡಿಗೆ ಒಂದು ಲಕ್ಷ ಬಡಿತ. ರಿಲೇಯ ಆಯುಷ್ಯ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ.

ಇಲ್ಲಿ ಡೆಲ್ಟಾದ ಡಿವಿಪಿ-14ಎಸ್‌ಎಸ್2 ಹಿಡಿದು ಹೇಳುತ್ತೇನೆ. 8 ಇನ್‌ಪುಟ್, 6 ಔಟ್‌ಪುಟ್. ಮಾಡೆಲ್ ನಂಬರಿನ ಕೊನೆಯಲ್ಲಿ 'ಟಿ' ಇದ್ದರೆ ಟ್ರಾನ್ಸಿಸ್ಟರ್, 'ಆರ್' ಇದ್ದರೆ ರಿಲೇ. ಇದರ ಪಲ್ಸ್ ಔಟ್‌ಪುಟ್ 10 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ. ಈ ಅಂಕಿ ನೆನಪಿಡಿ, ಲೆಕ್ಕದಲ್ಲಿ ಬರುತ್ತದೆ.

ಪಿಎಲ್‌ಸಿಯ ಪಲ್ಸ್ ನೋಡಿ ಮೋಟರ್‌ಗೆ ಕರೆಂಟ್ ಹರಿಸುವ ಡ್ರೈವರ್ ಡಿಎಂ542 ಅಥವಾ ಅಂಥದ್ದು. ಅದು 20ರಿಂದ 50 ವೋಲ್ಟ್ ಡಿಸಿ ತೆಗೆದುಕೊಳ್ಳುತ್ತದೆ, ಗರಿಷ್ಠ 4.2 ಆಂಪಿಯರ್ ಕೊಡುತ್ತದೆ. ಮೋಟರ್‌ಗೆ 36 ವೋಲ್ಟಿನ ಒಂದು ಎಸ್‌ಎಂಪಿಎಸ್ (ಡಿಸಿ ಕೊಡುವ ಪವರ್ ಸಪ್ಲೈ), ಪಿಎಲ್‌ಸಿ ಮತ್ತು ಸೆನ್ಸರ್‌ಗೆ 24 ವೋಲ್ಟಿನ ಇನ್ನೊಂದು. ಎರಡಕ್ಕೂ ಒಂದೇ ಸಾಕಲ್ವಾ ಅಂತ ಗಿರಾಕಿ ಕೇಳುತ್ತಾರೆ. ಸಾಕಾಗುವುದಿಲ್ಲ. ಮೋಟರ್ ಒಮ್ಮೆಲೇ ನಿಂತಾಗ ಅದರ ವೋಲ್ಟೇಜ್ ಹಿಂದಕ್ಕೆ ಬರುತ್ತದೆ, ಪಿಎಲ್‌ಸಿಗೆ ಅದರ ಸಹವಾಸ ಬೇಡ.

24ರ ಬದಲು 36 ಯಾಕೆ? ವೇಗ ಹೆಚ್ಚಿದಂತೆ ಪ್ರತಿ ಹೆಜ್ಜೆಗೆ ಸಿಗುವ ಸಮಯ ಕಡಿಮೆ. ಅಷ್ಟರೊಳಗೆ ಕಾಯಿಲ್‌ನಲ್ಲಿ ಕರೆಂಟ್ ಪೂರ್ತಿ ಏರುವುದಿಲ್ಲ. ಕರೆಂಟ್ ಏರದಿದ್ದರೆ ಬಲ ಇಲ್ಲ. ವೋಲ್ಟೇಜ್ ಜಾಸ್ತಿ ಇದ್ದರೆ ಕರೆಂಟ್ ಬೇಗ ಏರುತ್ತದೆ.

ಮೋಟರ್ ಎಷ್ಟು ದೊಡ್ಡದು?

ಅಂದಾಜಿನ ಮೇಲೆ ಕೊಳ್ಳಬೇಡಿ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ತನ್ನಿ. ಫಿಲ್ಮಿಗೆ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ, ರೋಲ್ ತುಂಬಿದಾಗ ಒಮ್ಮೆ, ಖಾಲಿಯಾಗುತ್ತ ಬಂದಾಗ ಒಮ್ಮೆ. ನಮ್ಮ ಯಂತ್ರದಲ್ಲಿ ಸುಮಾರು 2 ಕೆಜಿ ಬಂತು. ರೋಲರ್ ಅಡ್ಡಳತೆ 50 ಮಿಮೀ, ಅಂದರೆ ಮಧ್ಯದಿಂದ ಅಂಚಿಗೆ 2.5 ಸೆಂಮೀ. ಎರಡನ್ನೂ ಗುಣಿಸಿದರೆ 5 ಕೆಜಿ-ಸೆಂಮೀ.

ಇದಕ್ಕೆ 5 ಕೆಜಿ-ಸೆಂಮೀ ಮೋಟರ್ ತಂದರೆ ಕೆಟ್ಟಿರಿ. ಮೋಟರ್ ಮೇಲೆ ಬರೆದಿರುವುದು ನಿಂತಾಗಿನ ಬಲ. ಓಡುವಾಗ ಅದು ಇಳಿಯುತ್ತದೆ, ಜೊತೆಗೆ ರೋಲರ್ ತೂಕವನ್ನೂ ಒಮ್ಮೆಲೇ ತಿರುಗಿಸಬೇಕು. ಮೂರು ಪಟ್ಟಾದರೂ ಇಟ್ಟುಕೊಳ್ಳಿ. ನಾವು ಹಾಕಿದ್ದು ನೆಮಾ 23, ಸುಮಾರು 19 ಕೆಜಿ-ಸೆಂಮೀ, 2.8 ಆಂಪಿಯರ್. ನೆಮಾ 23 ಎನ್ನುವುದು ಮೋಟರ್ ಮುಖದ ಅಳತೆ, 2.3 ಇಂಚು. ಬಲಕ್ಕೂ ಆ ಸಂಖ್ಯೆಗೂ ಸಂಬಂಧ ಇಲ್ಲ.

ಲೆಕ್ಕ: ಪೆನ್ನು, ಹಾಳೆ ಸಾಕು

ಸಾಮಾನ್ಯ ಸ್ಟೆಪರ್ ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ. ಸುತ್ತಿಗೆ 200 ಹೆಜ್ಜೆ. ಡ್ರೈವರ್ ಈ ಹೆಜ್ಜೆಯನ್ನು ಚೂರು ಮಾಡುತ್ತದೆ, ಅದೇ ಮೈಕ್ರೋಸ್ಟೆಪ್. 8 ಚೂರು ಮಾಡಿದರೆ ಸುತ್ತಿಗೆ 1600 ಪಲ್ಸ್.

50 ಮಿಮೀ ರೋಲರ್‌ನ ಸುತ್ತಳತೆ 157.08 ಮಿಮೀ. 1600ನ್ನು ಇದರಿಂದ ಭಾಗಿಸಿದರೆ ಮಿಲಿಮೀಟರಿಗೆ 10.186 ಪಲ್ಸ್. ಪಾಕೀಟು 120 ಮಿಮೀ ಆದ್ದರಿಂದ 1222 ಪಲ್ಸ್.

ಆದರೆ ಈ 1222ನ್ನು ನಂಬಬೇಡಿ! ರೋಲರ್ ಮೇಲೆ ರಬ್ಬರ್ ಇದೆ. ಕ್ಯಾಲಿಪರ್ ಒತ್ತಿದರೆ ರಬ್ಬರ್ ಕುಗ್ಗುತ್ತದೆ. ಫಿಲ್ಮಿಗೂ ಒಂದು ದಪ್ಪ ಇದೆ. ಅದಕ್ಕೇ ಯಂತ್ರ ಕೂರಿಸಿದ ಮೇಲೆ 16000 ಪಲ್ಸ್ ಕಳಿಸಿ, ಅಂದರೆ ಹತ್ತು ಸುತ್ತು. ಹೊರಬಂದ ಫಿಲ್ಮನ್ನು ಟೇಪಿನಲ್ಲಿ ಅಳೆಯಿರಿ. ನಮಗೆ 1570.8 ಬರಬೇಕಿತ್ತು, ಬಂದದ್ದು 1578 ಮಿಮೀ. 16000ನ್ನು 1578ರಿಂದ ಭಾಗಿಸಿ 120ರಿಂದ ಗುಣಿಸಿದರೆ 1216.7. ಹಾಗಾಗಿ ನಿಜವಾದ ಸಂಖ್ಯೆ 1217.

ಇನ್ನೂ ಒಂದು ಚೂರು ಉಳಿಯಿತು. 1216.7ರ ಬದಲು 1217 ಕಳಿಸಿದರೆ ಪ್ರತಿ ಪಾಕೀಟಿಗೆ ಸುಮಾರು 0.027 ಮಿಮೀ ಜಾಸ್ತಿ. ಏನೂ ಅಲ್ಲ ಅನಿಸುತ್ತದೆ. ಸಾವಿರ ಪಾಕೀಟಾದ ಮೇಲೆ 27 ಮಿಮೀ! ಸಾದಾ ಫಿಲ್ಮಿಗೆ ಇದರಿಂದ ತೊಂದರೆ ಇಲ್ಲ, ಪ್ರತಿ ಪಾಕೀಟಿನ ಉದ್ದ ಸರಿಯೇ ಇರುತ್ತದೆ. ಅಚ್ಚು ಹಾಕಿದ ಫಿಲ್ಮಿನಲ್ಲಿ ಮಾತ್ರ ಚಿತ್ರ ಮೆಲ್ಲಗೆ ಸರಿಯುತ್ತ ಹೋಗಿ ಕತ್ತರಿ ಹೆಸರಿನ ಮೇಲೆ ಬೀಳುತ್ತದೆ. ಇದಕ್ಕೆ ಕಣ್ಣು ಬೇಕು, ಮುಂದೆ ಬರುತ್ತೇನೆ.

ಈಗ ವೇಗ. ನಿಮಿಷಕ್ಕೆ 40 ಪಾಕೀಟು ಎಂದರೆ ಒಂದಕ್ಕೆ 1.5 ಸೆಕೆಂಡ್. ಸೀಲಿಂಗ್‌ಗೆ, ಕತ್ತರಿಗೆ, ಪುಡಿ ಬೀಳುವುದಕ್ಕೆ ಸಮಯ ಬಿಟ್ಟು ಎಳೆಯಲು ಅರ್ಧ ಸೆಕೆಂಡ್ ಇಟ್ಟುಕೊಳ್ಳೋಣ. ವೇಗ ಏರಲು 0.1 ಸೆಕೆಂಡ್, ಇಳಿಯಲು 0.1. ಏರಿಳಿತದಲ್ಲಿ ಸರಾಸರಿ ಅರ್ಧ ವೇಗ, ಆದ್ದರಿಂದ ಪೂರ್ತಿ ವೇಗದ ಲೆಕ್ಕದಲ್ಲಿ ಸಿಗುವುದು 0.4 ಸೆಕೆಂಡ್. 1217ನ್ನು 0.4ರಿಂದ ಭಾಗಿಸಿದರೆ ಸುಮಾರು 3050 ಹರ್ಟ್ಸ್. ನಿಮಿಷಕ್ಕೆ 114 ಸುತ್ತು. ಸ್ಟೆಪರ್‌ಗೆ ಇದು ಆರಾಮದ ವೇಗ.

ಮೈಕ್ರೋಸ್ಟೆಪ್ ಜಾಸ್ತಿ ಇಟ್ಟರೆ ಇನ್ನೂ ನಿಖರ ಅಲ್ವಾ ಎಂದು 32ಕ್ಕೆ ಇಡುವವರಿದ್ದಾರೆ. ಆಗ ಸುತ್ತಿಗೆ 6400 ಪಲ್ಸ್. ನಮ್ಮ ಪಿಎಲ್‌ಸಿಯ ಮಿತಿ 10 ಕಿಲೋಹರ್ಟ್ಸ್, ಅಂದರೆ ನಿಮಿಷಕ್ಕೆ 94 ಸುತ್ತು ಮಾತ್ರ. ನಮಗೆ ಬೇಕಾದ 114 ಮುಟ್ಟುವುದೇ ಇಲ್ಲ. ಸಣ್ಣ ಪಿಎಲ್‌ಸಿಗೆ 8 ಸಾಕು.

ವೈರಿಂಗ್

ಮೋಟರ್‌ನಿಂದ ನಾಲ್ಕು ವೈರು ಬರುತ್ತವೆ, ಎರಡು ಜೋಡಿ. ಬಣ್ಣ ನಂಬಬೇಡಿ, ಕಂಪನಿಗೊಂದು ರೀತಿ. ಮಲ್ಟಿಮೀಟರಿನಲ್ಲಿ ಯಾವ ಎರಡರ ನಡುವೆ ಒಂದೆರಡು ಓಮ್ ತೋರಿಸುತ್ತದೋ ಅದು ಒಂದು ಜೋಡಿ. ಮೀಟರ್ ಇಲ್ಲವೇ? ಯಾವುದಾದರೂ ಎರಡು ವೈರಿನ ತುದಿ ಮುಟ್ಟಿಸಿ ಶಾಫ್ಟ್ ಕೈಯಲ್ಲಿ ತಿರುಗಿಸಿ. ಗಟ್ಟಿಯಾದರೆ ಅವೆರಡೂ ಜೋಡಿ. ಒಂದು ಜೋಡಿ 'ಎ' ಪ್ಲಸ್, ಮೈನಸ್‌ಗೆ, ಇನ್ನೊಂದು 'ಬಿ' ಪ್ಲಸ್, ಮೈನಸ್‌ಗೆ. ಮೋಟರ್ ಉಲ್ಟಾ ತಿರುಗಿದರೆ ಒಂದು ಜೋಡಿಯನ್ನು ಅದಲು ಬದಲು ಮಾಡಿ.

ಇನ್ನು ಪಲ್ಸ್ ವೈರು. ಹೊಸಬರು ಡ್ರೈವರ್ ಸುಡುವುದು ಇಲ್ಲೇ. ಇಂಥ ಹೆಚ್ಚಿನ ಡ್ರೈವರ್‌ಗಳ ಸಿಗ್ನಲ್ ಇನ್‌ಪುಟ್ 5 ವೋಲ್ಟಿನದು, ಪಿಎಲ್‌ಸಿ ಕೊಡುವುದು 24. ನಡುವೆ 2 ಕಿಲೋಓಮ್ ರೆಸಿಸ್ಟರ್ ಬೇಕೇ ಬೇಕು, ಪಲ್ಸ್‌ಗೆ ಒಂದು, ದಿಕ್ಕಿಗೆ ಒಂದು. ಅದರಲ್ಲಿ ಸುಮಾರು 10 ಮಿಲಿಆಂಪಿಯರ್ ಹರಿಯುತ್ತದೆ, 0.2 ವ್ಯಾಟ್ ಬಿಸಿಯಾಗುತ್ತದೆ. ಅಂಗಡಿಯವರು ಕಾಲು ವ್ಯಾಟಿನದು ಕೊಡುತ್ತಾರೆ. ಅದು ತೀರಾ ಅಂಚಿನಲ್ಲಿ ಇರುತ್ತದೆ, ಅರ್ಧ ವ್ಯಾಟಿನದು ಕೇಳಿ ಪಡೆಯಿರಿ. ಕೆಲವು ಹೊಸ ಡ್ರೈವರ್‌ಗಳಲ್ಲಿ 5/24 ವೋಲ್ಟ್ ಆರಿಸುವ ಸ್ವಿಚ್ಚೇ ಇದೆ, ಅಲ್ಲಿ ರೆಸಿಸ್ಟರ್ ಬೇಡ.

ಡೆಲ್ಟಾದ 'ಟಿ' ಮಾದರಿ ಎನ್‌ಪಿಎನ್. ಅದು ವೋಲ್ಟೇಜ್ ಕೊಡುವುದಿಲ್ಲ, ಸೊನ್ನೆಗೆ ಎಳೆಯುತ್ತದೆ. ಹಾಗಾಗಿ 24 ಪ್ಲಸ್‌ನಿಂದ ರೆಸಿಸ್ಟರ್ ಮೂಲಕ ಡ್ರೈವರ್‌ನ ಪಲ್ಸ್ ಪ್ಲಸ್‌ಗೆ, ಪಲ್ಸ್ ಮೈನಸ್‌ನಿಂದ ಪಿಎಲ್‌ಸಿಯ ವೈ0 ಔಟ್‌ಪುಟ್‌ಗೆ. ದಿಕ್ಕಿಗೂ ಹೀಗೇ, ಅದು ವೈ1ಗೆ. ಔಟ್‌ಪುಟ್‌ನ ಕಾಮನ್ 24ರ ಸೊನ್ನೆಗೆ. ಸೀಮೆನ್ಸ್ ಎಸ್7-1200 ತರಹದ ಪಿಎನ್‌ಪಿ ಇದ್ದರೆ ಉಲ್ಟಾ: ಔಟ್‌ಪುಟ್‌ನಿಂದ ರೆಸಿಸ್ಟರ್ ಮೂಲಕ ಪಲ್ಸ್ ಪ್ಲಸ್‌ಗೆ, ಪಲ್ಸ್ ಮೈನಸ್ ಸೊನ್ನೆಗೆ.

ಎನೇಬಲ್ ಎಂದು ಬರೆದ ಜಾಗಕ್ಕೆ ಏನೂ ಹಾಕಬೇಡಿ. ಖಾಲಿ ಬಿಟ್ಟರೆ ಮೋಟರ್ ಚಾಲೂ ಇರುತ್ತದೆ. ಖಾಲಿ ಇದೆಯಲ್ಲ ಎಂದು ಸುಮ್ನೆ 24 ಕೊಟ್ಟು, ಮೋಟರ್ ಸತ್ತಿದೆ ಎಂದು ಫೋನ್ ಮಾಡಿದವರು ಬಹಳ ಜನ.

ಪಲ್ಸ್ ವೈರಿಗೆ ಶೀಲ್ಡ್ ಕೇಬಲ್ ಬಳಸಿ, ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಿ. ಖಾರ ಕುಟ್ಟುವ ಪಲ್ವರೈಸರ್‌ನ ವೈರು, ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್) ವೈರು, ಸೀಲಿಂಗ್ ಹೀಟರ್‌ನ ವೈರು ಇವುಗಳ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಮತ್ತೆ, ಕರೆಂಟ್ ಇರುವಾಗ ಮೋಟರ್ ವೈರು ಬಿಚ್ಚಲೇಬೇಡಿ. "ಒಂದು ವೈರು ತಾನೇ" ಎಂದು ನಾನು ಒಮ್ಮೆ ಬಿಚ್ಚಿದೆ. ಟಪ್ ಅಂತು, ಡ್ರೈವರ್ ಹೋಯಿತು.

ಎಮರ್ಜೆನ್ಸಿ ಬಟನ್ ಬರೀ ಪಿಎಲ್‌ಸಿ ಇನ್‌ಪುಟ್‌ಗೆ ಹಾಕಿ ಮುಗಿಸುವುದು ತಪ್ಪು. ಅದು ಕಾಂಟ್ಯಾಕ್ಟರ್ ಮೂಲಕ ಮೋಟರ್, ಕತ್ತರಿ, ಹೀಟರ್ ಮೂರರ ಸಪ್ಲೈಯನ್ನೂ ನೇರ ಕಡಿಯಬೇಕು. ಸೀಲಿಂಗ್ ದವಡೆಯ ಹತ್ತಿರ ಕೈ ಹೋಗುವ ಯಂತ್ರ ಇದು.

ಡ್ರೈವರ್ ಸ್ವಿಚ್ಚುಗಳು

ಡ್ರೈವರ್ ಮೈಮೇಲೆ ಪಟ್ಟಿ ಅಚ್ಚಾಗಿರುತ್ತದೆ. ಸ್ವಿಚ್ ಮುಟ್ಟುವ ಮೊದಲು ಕರೆಂಟ್ ತೆಗೆಯಿರಿ. ಕರೆಂಟಿನ ಸ್ವಿಚ್ಚು 2.84 ಆಂಪಿಯರ್ ಪೀಕ್‌ಗೆ, ಪಲ್ಸ್ 1600ಕ್ಕೆ. ನಾಲ್ಕನೇ ಸ್ವಿಚ್ ನಿಂತಾಗಿನ ಕರೆಂಟಿನದು, ಆಫ್ ಇಟ್ಟರೆ ಮೋಟರ್ ನಿಂತಾಗ ಅರ್ಧ ಕರೆಂಟ್ ಮಾತ್ರ. ನಮ್ಮ ಕೆಲಸಕ್ಕೆ ಅರ್ಧ ಸಾಕು, ಮೋಟರ್ ತಣ್ಣಗಿರುತ್ತದೆ. ತಣ್ಣಗೆ ಎಂದರೆ ಕೈ ಇಟ್ಟರೆ ಬಿಸಿ ತಗಲುವಷ್ಟು. ಸ್ಟೆಪರ್ ಬಿಸಿಯಾಗುವುದು ಸಹಜ, ಅದಕ್ಕೆ ಹೆದರಿ ಕರೆಂಟ್ ಇಳಿಸಿದರೆ ಹೆಜ್ಜೆ ತಪ್ಪುತ್ತದೆ.

ಲ್ಯಾಡರ್

ಲ್ಯಾಡರ್ ಎಂದರೆ ಏಣಿಯ ಮೆಟ್ಟಿಲಿನಂತೆ ಸಾಲು ಸಾಲಾಗಿ ಬರೆಯುವ ಪಿಎಲ್‌ಸಿ ಪ್ರೋಗ್ರಾಂ. ಟೈಮರ್ ಹಾಕಿ ವೈ0ಯನ್ನು ಹೊತ್ತಿಸಿ ಆರಿಸಿ ಪಲ್ಸ್ ಮಾಡುವ ಯೋಚನೆ ಬಿಡಿ. ಸ್ಕ್ಯಾನ್, ಅಂದರೆ ಪಿಎಲ್‌ಸಿ ಪ್ರೋಗ್ರಾಂ ಒಮ್ಮೆ ಪೂರ್ತಿ ಓದುವ ಸಮಯ, 5 ಮಿಲಿಸೆಕೆಂಡ್ ಆದರೆ ಸಿಗುವುದು ಹೆಚ್ಚೆಂದರೆ 100 ಹರ್ಟ್ಸ್, ಮೋಟರ್ ನಿಮಿಷಕ್ಕೆ ನಾಲ್ಕು ಸುತ್ತೂ ತಿರುಗುವುದಿಲ್ಲ. ಪಲ್ಸ್ ಮಾಡುವುದಕ್ಕೇ ಬೇರೆ ಆಜ್ಞೆಗಳಿವೆ. ಸ್ಕ್ಯಾನ್ ಏನೇ ಮಾಡುತ್ತಿರಲಿ, ಪಿಎಲ್‌ಸಿಯ ಒಳಗಿನ ಹಾರ್ಡ್‌ವೇರ್ ಪಲ್ಸ್ ಎಣಿಸುತ್ತ ಹೋಗುತ್ತದೆ.

ನಮಗೆ ಬೇಕಾದದ್ದು ಡಿಆರ್‌ವಿಐ: ಈಗ ಇರುವಲ್ಲಿಂದ ಇಷ್ಟು ಪಲ್ಸ್ ಮುಂದೆ ಹೋಗು. ಅದರ 32 ಬಿಟ್ ರೂಪ ಡಿಡಿಆರ್‌ವಿಐ. ಸಾಲು ಹೀಗೆ (ಎಂ ಎಂದರೆ ಪಿಎಲ್‌ಸಿಯ ಒಳಗಿನ ಸ್ವಿಚ್ಚು, ಡಿ ಎಂದರೆ ಸಂಖ್ಯೆ ಇಡುವ ರಿಜಿಸ್ಟರ್):

ಎಂ0 → ಡಿಡಿಆರ್‌ವಿಐ ಡಿ100 ಡಿ102 ವೈ0 ವೈ1

ಡಿ100ರಲ್ಲಿ ಪಲ್ಸ್ ಸಂಖ್ಯೆ, ಡಿ102ರಲ್ಲಿ ವೇಗ. 32 ಬಿಟ್ ಆದ್ದರಿಂದ ಪ್ರತಿಯೊಂದೂ ಎರಡು ರಿಜಿಸ್ಟರ್ ತಿನ್ನುತ್ತದೆ. ಡಿ101, ಡಿ103ನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಪಲ್ಸ್ ಸಂಖ್ಯೆಗೆ ಮೈನಸ್ ಕೊಟ್ಟರೆ ವೈ1 ಬದಲಾಗಿ ಮೋಟರ್ ಹಿಂದೆ ತಿರುಗುತ್ತದೆ. ವೇಗ ಏರುವ ಸಮಯವನ್ನು ವಿಶೇಷ ರಿಜಿಸ್ಟರ್‌ನಲ್ಲಿ 100 ಮಿಲಿಸೆಕೆಂಡಿಗೆ ಇಡಿ. ಏರಿಕೆ ಇಲ್ಲದೆ ನೇರ 3050ಕ್ಕೆ ಹಾರಿಸಿದರೆ ಮೋಟರ್ ಗುಂಯ್ ಎಂದು ನಡುಗುತ್ತ ನಿಂತಲ್ಲೇ ನಿಲ್ಲಬಹುದು.

ಕೆಲಸ ಮುಗಿಯುವವರೆಗೆ ಎಂ0 ಹಿಡಿದೇ ಇರಬೇಕು. ಮಧ್ಯೆ ಬಿಟ್ಟರೆ ಪಲ್ಸ್ ನಿಲ್ಲುತ್ತದೆ. ಮುಗಿದ ಕೂಡಲೇ ಎಂ1029 ಹೊತ್ತುತ್ತದೆ, ಅದರಿಂದ ಎಂ0 ಆರಿಸಿ. ಇಲ್ಲೊಂದು ಹಳ್ಳ ಇದೆ. ಹಿಂದಿನ ಸುತ್ತಿನ ಎಂ1029 ಇನ್ನೂ ಹೊತ್ತಿಕೊಂಡಿದ್ದರೆ ಹೊಸ ಸುತ್ತು ಶುರುವಾದ ಗಳಿಗೆಯಲ್ಲೇ ಆರಿಹೋಗುತ್ತದೆ. ಅದಕ್ಕೇ ಶುರು ಮಾಡುವ ಸಾಲಿನಲ್ಲೇ ಎಂ1029ನ್ನು ರೀಸೆಟ್ ಮಾಡಿ, ಮುಗಿತಾಯ ನೋಡುವ ಸಾಲನ್ನು ಡಿಡಿಆರ್‌ವಿಐ ಕೆಳಗೆ ಇಡಿ. ಮಿತ್ಸುಬಿಷಿ ಎಫ್‌ಎಕ್ಸ್‌ನಲ್ಲಿ ಇದೇ ಕೆಲಸ ಎಂ8029ರದು. ಎಸ್7-1200ರಲ್ಲಿ ಆ್ಯಕ್ಸಿಸ್ ಮಾಡಿಕೊಂಡು ಎಂಸಿ ಪವರ್, ಎಂಸಿ ಮೂವ್‌ರಿಲೇಟಿವ್ ಬ್ಲಾಕ್ ಬಳಸಬೇಕು. ಅಲ್ಲಿ ನೇರ ಮಿಲಿಮೀಟರಿನಲ್ಲೇ ಹೇಳಬಹುದು, ದುಡ್ಡು ಮಾತ್ರ ಜಾಸ್ತಿ.

ಕುರುಡನಿಗೆ ಕಣ್ಣು

ಅಚ್ಚಿನ ಫಿಲ್ಮಿನ ಅಂಚಿನಲ್ಲಿ ಪ್ರತಿ ಪಾಕೀಟಿಗೂ ಒಂದು ಕಪ್ಪು ಗುರುತು ಇರುತ್ತದೆ. ಅದನ್ನು ನೋಡುವ ಫೋಟೋ ಸೆನ್ಸರ್ ಎಕ್ಸ್0 ಇನ್‌ಪುಟ್‌ಗೆ ಹಾಕಿ. ಪೂರ್ತಿ ವೇಗದಲ್ಲಿ ಗುರುತು ಹಿಡಿಯಲು ಹೋಗಬೇಡಿ. 3050 ಹರ್ಟ್ಸ್‌ನಲ್ಲಿ 5 ಮಿಲಿಸೆಕೆಂಡ್ ಸ್ಕ್ಯಾನ್ ತಡ ಎಂದರೆ 15 ಪಲ್ಸ್, ಒಂದೂವರೆ ಮಿಲಿಮೀಟರ್. ಒಂದು ಪಾಕೀಟಿನಲ್ಲಿ ಇಷ್ಟು, ಇನ್ನೊಂದರಲ್ಲಿ ಅಷ್ಟು.

ನಾವು ಮಾಡಿದ್ದು ಎರಡು ಹಂತ. ಮೊದಲು 1150 ಪಲ್ಸ್ ಪೂರ್ತಿ ವೇಗದಲ್ಲಿ. ಉಳಿದದ್ದು ಸುಮಾರು 67. ಆಮೇಲೆ 400 ಹರ್ಟ್ಸ್‌ನಲ್ಲಿ ನಿಧಾನಕ್ಕೆ, ಗರಿಷ್ಠ 150 ಪಲ್ಸ್‌ವರೆಗೆ. ಈ ಎರಡನೇ ಸಾಲಿನಲ್ಲಿ ಎಕ್ಸ್0ಯ ಮುಚ್ಚಿದ ಸಂಪರ್ಕ ಇರುತ್ತದೆ, ಗುರುತು ಕಂಡ ಕೂಡಲೇ ಬಿಡುತ್ತದೆ. ಈ ವೇಗದಲ್ಲಿ ಸ್ಕ್ಯಾನ್ ತಡ ಎಂದರೆ ಎರಡೇ ಪಲ್ಸ್, 0.2 ಮಿಮೀ. ನಿಲ್ಲುವಾಗ ಒಂದೆರಡು ಪಲ್ಸ್ ಮುಂದೆ ಹೋದರೂ ಪ್ರತಿ ಸಲ ಅಷ್ಟೇ ಹೋಗುತ್ತದೆ, ಸೆನ್ಸರ್ ಸ್ವಲ್ಪ ಸರಿಸಿದರೆ ಮುಗಿಯಿತು. ಈ ನಿಧಾನದ ಓಟದಿಂದ ಎಳೆಯುವ ಸಮಯ ಸುಮಾರು 0.65 ಸೆಕೆಂಡ್ ಆಗುತ್ತದೆ, 1.5ರಲ್ಲಿ ಅದಕ್ಕೆ ಜಾಗ ಇದೆ.

150 ಪಲ್ಸ್ ಮುಗಿದರೂ ಗುರುತು ಕಾಣದಿದ್ದರೆ ಯಂತ್ರ ನಿಲ್ಲಿಸಿ, ಕೆಂಪು ದೀಪ ಹಚ್ಚಿ. ಫಿಲ್ಮ್ ಹರಿದಿದೆ, ಅಥವಾ ಸೆನ್ಸರ್ ಕಣ್ಣಿಗೆ ಖಾರಪುಡಿ ಮೆತ್ತಿದೆ. ಬ್ಯಾಡಗಿಯಲ್ಲಿ ಹೆಚ್ಚಿನ ಸಲ ಎರಡನೆಯದೇ.

ಎರಡೂ ಸಾಲು ಒಂದೇ ವೈ0 ಬಳಸುವುದರಿಂದ ಒಟ್ಟಿಗೆ ಹೊತ್ತಬಾರದು. ಹಂತದ ಸಂಖ್ಯೆಯನ್ನು ಡಿ0ಯಲ್ಲಿ ಇಟ್ಟುಕೊಳ್ಳಿ: 10 ವೇಗದ ಓಟ, 20 ಬಿಡುವು, 30 ಗುರುತು ಹುಡುಕುವುದು, 40 ಸೀಲ್. ನಡುವಿನ 20ರಲ್ಲಿ ಒಂದು ಸ್ಕ್ಯಾನ್ ಖಾಲಿ ಬಿಟ್ಟರೆ ಜಗಳ ಇಲ್ಲ.

ಆದರೂ ಪಾಕೀಟು ಗಿಡ್ಡ ಬಂದರೆ

ಎಲ್ಲರೂ ಮೊದಲು ಪ್ರೋಗ್ರಾಂ ತೆರೆಯುತ್ತಾರೆ. ನಾನು ಮಾರ್ಕರ್ ಪೆನ್ ತೆರೆಯುತ್ತೇನೆ.

ಮೂರು ಗೆರೆ ಎಳೆಯಿರಿ. ಒಂದು ಮೋಟರ್ ಮೈಯಿಂದ ಶಾಫ್ಟ್ ಮೇಲೆ. ಇನ್ನೊಂದು ಯಂತ್ರದ ಚೌಕಟ್ಟಿನಿಂದ ರೋಲರ್ ತುದಿಗೆ. ಮೂರನೆಯದು ರೋಲರ್‌ನಿಂದ ಫಿಲ್ಮ್ ಮೇಲೆ. ಈಗ ಫಿಲ್ಮ್ ಸಮೇತ, ನಿಜವಾದ ವೇಗದಲ್ಲಿ, ಒಂದು ಸಲಕ್ಕೆ 1600ರಂತೆ ನೂರು ಸಲ ಓಡಿಸಿ.

ಶಾಫ್ಟಿನ ಗೆರೆ ಸರಿದಿದ್ದರೆ ಮೋಟರ್ ಹೆಜ್ಜೆ ತಪ್ಪಿದೆ. ಏರಿಕೆಯ ಸಮಯ ಹೆಚ್ಚಿಸಿ, ಕರೆಂಟ್ ಸೆಟ್ಟಿಂಗ್ ನೋಡಿ, 36 ವೋಲ್ಟ್ ನಿಜಕ್ಕೂ 36 ಇದೆಯೇ ಎಂದು ಓಡುವಾಗಲೇ ಅಳೆಯಿರಿ. ಒಂದು ಕಡೆ ನಮಗೆ ದಿನಕ್ಕೆ ನಾಲ್ಕೈದು ಸಲ ಮಾತ್ರ ಹೀಗಾಗುತ್ತಿತ್ತು. ಕಾದು ಕುಳಿತು ನೋಡಿದರೆ ಅದೇ ಲೈನಿನ ದೊಡ್ಡ ಗಿರಣಿ ಮೋಟರ್ ಶುರುವಾದ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತಿತ್ತು. ಗಿರಣಿಗೆ ಸಾಫ್ಟ್ ಸ್ಟಾರ್ಟರ್ ಹಾಕಿದ ಮೇಲೆ ನಿಂತಿತು.

ಶಾಫ್ಟ್ ಸರಿ ಇದ್ದು ರೋಲರ್ ಗೆರೆ ಸರಿದಿದ್ದರೆ ಕಪ್ಲಿಂಗ್ ಜಾರಿದೆ. ಗ್ರಬ್ ಸ್ಕ್ರೂ ಸಡಿಲ ಇರುತ್ತದೆ. ಶಾಫ್ಟ್ ಮೇಲೆ ಅರದಿಂದ ಚಪ್ಪಟೆ ಜಾಗ ಮಾಡಿ ಅದರ ಮೇಲೆ ಸ್ಕ್ರೂ ಕೂರಿಸಿ, ಲಾಕ್ ಅಂಟು ಹಾಕಿ. ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳು ಇಲ್ಲೇ ಮುಗಿಯುತ್ತವೆ.

ಎರಡೂ ಸರಿ ಇದ್ದರೆ ಮೂರನೆಯದನ್ನು ನೋಡಿ. ಫಿಲ್ಮ್ ಮೇಲಿನ ಗೆರೆ ಹತ್ತು ಸುತ್ತಿಗೆ ಎಷ್ಟು ದೂರ ಹೋಗಬೇಕೋ ಅಷ್ಟು ಹೋಗದಿದ್ದರೆ ಫಿಲ್ಮ್ ಜಾರುತ್ತಿದೆ. ರಬ್ಬರ್ ಒರೆಸಿ, ಒತ್ತುವ ರೋಲರ್‌ನ ಸ್ಪ್ರಿಂಗ್ ಬಿಗಿ ಮಾಡಿ. ಇದಕ್ಕೆ ಯಾವ ಪ್ರೋಗ್ರಾಂನಲ್ಲೂ ಮದ್ದಿಲ್ಲ.

ನಿಮಿಷಕ್ಕೆ 100 ಪಾಕೀಟು ಬೇಕು, ರೋಲ್ ತೂಕ ಬಹಳ ಇದೆ ಎಂದರೆ ಸ್ಟೆಪರ್ ಜೊತೆ ಗುದ್ದಾಡಬೇಡಿ. ಎನ್‌ಕೋಡರ್ (ಎಷ್ಟು ತಿರುಗಿತೆಂದು ವಾಪಸ್ ಹೇಳುವ ಸೆನ್ಸರ್) ಇರುವ ಸ್ಟೆಪರ್ ಅಥವಾ ಸರ್ವೋಗೆ ಹೋಗಿ. ಪಲ್ಸ್ ಮತ್ತು ದಿಕ್ಕಿನಲ್ಲಿ ಓಡುವ ಸರ್ವೋ ಆದರೆ ಲ್ಯಾಡರ್ ಬಹುಪಾಲು ಇದೇ ಇರುತ್ತದೆ.

ಯಂತ್ರ ಒಪ್ಪಿಸುವ ಮೊದಲು ಒಂದು ಹಾಳೆಯಲ್ಲಿ ಸ್ವಿಚ್ಚುಗಳ ಸ್ಥಿತಿ, ಮಿಲಿಮೀಟರಿಗೆ ಎಷ್ಟು ಪಲ್ಸ್, 1150, 400, 150, ಏರಿಕೆಯ ಸಮಯ ಎಲ್ಲ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ. ಕನ್ನಡದಲ್ಲೇ ಬರೆಯಿರಿ. ಬ್ಯಾಡಗಿಯ ಆಪರೇಟರ್ ಆ ಹಾಳೆಯ ಕೆಳಗೆ ತಾವೇ ಒಂದು ಸಾಲು ಸೇರಿಸಿದ್ದಾರೆ: "ಕೆಂಪು ಲೈಟ್ ಹತ್ತಿದರ ಮೊದಲ ಕಣ್ಣ ಒರಸ್ರಿ, ಆಮ್ಯಾಲ ಹುಬ್ಬಳ್ಳಿಗೆ ಫೋನ್ ಹಚ್ರಿ."